ಎಣಿಸುವ ಯಂತ್ರ ಮತ್ತು ಹೋಮಿ ಭಾಭಾ: ಮುಂಬಯಿಯಲ್ಲಿ ಹುಟ್ಟಿದ ಗಣಕಯಂತ್ರದ ಕಥೆ

ಮುಲುಂಡಿನ ನಮ್ಮ ಕನ್ನಡ ಮನೆಗಳಲ್ಲಿ ಇಂದು ಎಪ್ಪತ್ತು ದಾಟಿದ ಹಿರಿಯರೂ ಮೊಬೈಲು ಹಿಡಿದು ಊರಿನ ಜಾತ್ರೆಯನ್ನು ನೇರಪ್ರಸಾರದಲ್ಲಿ ನೋಡುತ್ತಾರೆ. ಅದರೊಳಗೆ ಏನು ನಡೆಯುತ್ತದೆ ಎಂದು ಮೊಮ್ಮಕ್ಕಳನ್ನು ಕೇಳಿದರೆ ಮಾತ್ರ ರ್‍ಯಾಮ್, ಜಿಬಿ, ಸರ್ವರ್, ಐಪಿ ಎಂಬ ನಾಲ್ಕು ಶಬ್ದಗಳು ಉದುರುತ್ತವೆಯೇ ಹೊರತು ವಿವರಣೆ ದೊರೆಯುವುದಿಲ್ಲ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಬೆರಳ ತುದಿಯಷ್ಟು ಚಿಕ್ಕದಾದ ಚಿಪ್ಪಿನೊಳಗೆ ಕೋಟಿಗಟ್ಟಲೆ ಭಾಗಗಳು ಅಡಗಿ ಕುಳಿತಿರುವಾಗ ತೋರಿಸಿ ಹೇಳುವುದಾದರೂ ಏನನ್ನು? ಆದರೆ ಈ ಭಾಗಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ತಿಳಿಯಬಹುದಾಗಿದ್ದ ಕಾಲವೊಂದಿತ್ತು. ಆಗ ಗಣಕಯಂತ್ರವು ಆಳೆತ್ತರವನ್ನು ಮೀರಿದ ಉಕ್ಕಿನ ಚೌಕಟ್ಟಿನಲ್ಲಿ ಕೋಣೆಯ ಉದ್ದಕ್ಕೂ ನಿಂತಿರುತ್ತಿತ್ತು. ಭಾರತೀಯರೇ ವಿನ್ಯಾಸಗೊಳಿಸಿ ಕಟ್ಟಿದ ಅಂಥ ಮೊದಲ ದೊಡ್ಡ ಯಂತ್ರ ಸಿದ್ಧವಾದದ್ದು ನಮ್ಮ ಮುಂಬಯಿಯಲ್ಲೇ ಎಂಬುದು ಬಹು ಮಂದಿಗೆ ತಿಳಿಯದು. ಅದಕ್ಕೆ ನೆಲೆ, ಹಣ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಧೈರ್ಯ ಒದಗಿಸಿದವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ ಎಂದೊಡನೆ ನಮಗೆ ನೆನಪಾಗುವುದು ಟ್ರಾಂಬೆಯ ಪರಮಾಣು ಕೇಂದ್ರ. ಅಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಕನ್ನಡಿಗರು ಚೆಂಬೂರಿನಿಂದ ಮುಲುಂಡಿನವರೆಗೆ ಎಲ್ಲೆಡೆ ಇದ್ದಾರೆ. ಅವರ ಮನೆಗಳಲ್ಲಿ ಆ ಹೆಸರು ಬಂಧುವಿನ ಹೆಸರಿನಷ್ಟೇ ಪರಿಚಿತ. ಅಣುವಿಜ್ಞಾನಿಯಾಗಿ ಅವರನ್ನು ಕುರಿತು ಬಂದ ಬರಹಗಳಿಗೆ ಲೆಕ್ಕವಿಲ್ಲ. ಇಲ್ಲಿ ಅವರ ಬದುಕಿನ ಇನ್ನೊಂದು ಎಳೆಯನ್ನು ಹಿಡಿದು ಹೋಗುವುದು ನಮ್ಮ ಉದ್ದೇಶ. ಅದು ಎಣಿಕೆಯ ಎಳೆ.

ಭಾಭಾ ಅವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು ಮುಂಬಯಿಯ ಸಿರಿವಂತ ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆತನಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. ಯಾರ ಹೆಸರನ್ನು ಅವರಿಗೆ ಇಡಲಾಯಿತೋ ಆ ಅಜ್ಜ ಹೊರ್ಮುಸ್ಜಿ ಭಾಭಾ ಅವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಅವರು ಬೆಳೆದದ್ದು ಬೆಂಗಳೂರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಅವರು ಮೊದಲು ಸೇರಿದ್ದು ಮೈಸೂರಿನ ನ್ಯಾಯಾಂಗ ಸೇವೆಯನ್ನು. ಮದುವೆಯ ನಂತರವೇ ಅವರು ಮುಂಬಯಿಗೆ ಬಂದು ನೆಲೆಸಿದ್ದು. ಸೋದರತ್ತೆ ಮೆಹರಬಾಯಿ ಅವರು ಸರ್ ದೊರಾಬ್ಜಿ ಟಾಟಾ ಅವರ ಪತ್ನಿ. ಹೀಗಾಗಿ ಹುಡುಗ ಹೋಮಿಗೆ ಪುಸ್ತಕ, ಸಂಗೀತ, ಚಿತ್ರಕಲೆಗಳ ಜೊತೆಗೆ ಉದ್ಯಮ ಕಟ್ಟುವವರ ಮಾತುಕತೆಯೂ ಚಿಕ್ಕಂದಿನಿಂದಲೇ ಕಿವಿಗೆ ಬೀಳುತ್ತಿತ್ತು. ಅವರು ಕೊನೆಯವರೆಗೂ ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮುಳುಗುತ್ತಿದ್ದರು, ಮದುವೆಯಾಗಲಿಲ್ಲ.

ಕ್ಯಾಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಮತ್ತು ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ಓದು ಮುಗಿಸಿ 1927ರಲ್ಲಿ ಅವರು ಕೇಂಬ್ರಿಡ್ಜಿಗೆ ತೆರಳಿದರು. ಮಗ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಹಿರಿಯರ ಬಯಕೆ. ಹೋಮಿ ಅವರ ಮನಸ್ಸು ಭೌತವಿಜ್ಞಾನದ ಕಡೆಗೆ ವಾಲಿತ್ತು. ತಂದೆಗೆ ಪತ್ರ ಬರೆದು ತಮ್ಮ ಒಲವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಎಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ ಪಡೆದರೆ ಮುಂದೆ ಗಣಿತ ಓದಲು ಖರ್ಚು ಕೊಡುವೆನೆಂದು ತಂದೆ ಒಪ್ಪಿದರು. 1930ರಲ್ಲಿ ಪ್ರಥಮ ದರ್ಜೆ ಬಂತು, ತಂದೆಯೂ ಮಾತು ಉಳಿಸಿಕೊಂಡರು. ಸಿದ್ಧಾಂತಿಯಾಗಿ ಹೆಸರಾದ ಈ ಮನುಷ್ಯನಿಗೆ ಯಂತ್ರ ಕಟ್ಟುವವರ ಬಗೆಗೆ ಕೊನೆಯವರೆಗೂ ಇದ್ದ ಗೌರವದ ಬೇರು ಇಲ್ಲಿಯೇ ಇದ್ದಿರಬೇಕೆಂದು ನನಗೆ ತೋರುತ್ತದೆ.

ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಅದು ಸುಗ್ಗಿಯ ಕಾಲ. 1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು ಅಲ್ಲಿಯೇ. ಅದೇ ವರ್ಷ ಅದೇ ಪ್ರಯೋಗಾಲಯದಲ್ಲಿ ಇನ್ನೊಂದು ಕೆಲಸ ನಡೆಯಿತು. ಪತ್ರಿಕೆಗಳು ಅದನ್ನು ಗಮನಿಸಲಿಲ್ಲವಾದರೂ ಇಂದಿನ ನಮ್ಮ ಮೊಬೈಲಿಗೆ ಅದೇ ಹೆಚ್ಚು ಹತ್ತಿರದ್ದು. ವಿನ್-ವಿಲಿಯಮ್ಸ್ ಎಂಬ ವಿಜ್ಞಾನಿ ಕಣಗಳನ್ನು ಎಣಿಸುವ ವಿದ್ಯುತ್ ಸಾಧನವೊಂದನ್ನು ರೂಪಿಸಿದರು. ಕಣವೊಂದು ಹಾದುಹೋದಾಗ ಉಪಕರಣದಲ್ಲಿ ಟಿಕ್ ಎಂದು ಒಂದು ವಿದ್ಯುತ್ ಮಿಡಿತ ಏಳುತ್ತದೆ. ಮಿಡಿತಗಳು ಎಷ್ಟು ವೇಗವಾಗಿ ಬರುತ್ತವೆಂದರೆ ಹಲ್ಲುಚಕ್ರಗಳ ಮೀಟರು ಅವನ್ನು ಹಿಂಬಾಲಿಸಲಾರದು. ಇದಕ್ಕೆ ಅವರು ಕಂಡುಕೊಂಡ ಉಪಾಯವೇ ಎರಡೆರಡಾಗಿ ಎಣಿಸುವುದು.

ಗಣಕಯಂತ್ರದ ಮೊದಲ ಪಾಠವೂ ಇದೇ ಆಗಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಹಳೆಯ ಟ್ಯಾಕ್ಸಿ ಮೀಟರಿನಲ್ಲಿ ಬಲತುದಿಯ ಚಕ್ರ 9 ಮುಟ್ಟಿ 0ಗೆ ತಿರುಗಿದಾಗ ಎಡಗಡೆಯ ಚಕ್ರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದೊಂದು ಚಕ್ರಕ್ಕೂ ಹತ್ತು ಸ್ಥಿತಿ. ಈಗ ಚಕ್ರಗಳನ್ನು ತೆಗೆದು ಅವುಗಳ ಜಾಗದಲ್ಲಿ ನಾಲ್ಕು ದೀಪಗಳನ್ನು ಸಾಲಾಗಿ ಇಡಿ. ದೀಪಕ್ಕೆ ಎರಡೇ ಸ್ಥಿತಿ: ಆರಿದೆ, ಇಲ್ಲವೇ ಉರಿದಿದೆ. ಟಿಕ್ ಬಂದಾಗಲೆಲ್ಲ ಬಲತುದಿಯ ದೀಪ ಸ್ಥಿತಿ ಬದಲಿಸುತ್ತದೆ. ಯಾವುದೇ ದೀಪ ಉರಿದಿದ್ದು ಆರಿದರೆ ತನ್ನ ಎಡಗಡೆಯ ದೀಪಕ್ಕೆ ಒಂದು ಟಿಕ್ ಕಳುಹಿಸುತ್ತದೆ. ಹದಿಮೂರು ಟಿಕ್‌ಗಳಾದ ಮೇಲೆ ನೋಡಿದರೆ ಎಡದಿಂದ ಮೊದಲ ಎರಡು ದೀಪಗಳು ಉರಿಯುತ್ತಿರುತ್ತವೆ, ಮೂರನೆಯದು ಆರಿರುತ್ತದೆ, ನಾಲ್ಕನೆಯದು ಉರಿಯುತ್ತಿರುತ್ತದೆ. ಬರೆದರೆ 1101. ಎಡದಿಂದ ದೀಪಗಳ ಬೆಲೆ ಎಂಟು, ನಾಲ್ಕು, ಎರಡು, ಒಂದು. ಉರಿಯುವವುಗಳ ಮೊತ್ತ ಎಂಟು, ನಾಲ್ಕು, ಒಂದು ಸೇರಿ ಹದಿಮೂರು. ಇಂಥ ಒಂದು ದೀಪದ ಜಾಗವನ್ನೇ ಬಿಟ್ ಎನ್ನುತ್ತಾರೆ. ಎಂಟು ಬಿಟ್‌ಗಳ ಗುಂಪು ಒಂದು ಬೈಟ್. ಜಿಬಿ ಎಂದು ಮೊಮ್ಮಗ ಹೇಳುವುದು ಸುಮಾರು ನೂರು ಕೋಟಿ ಬೈಟ್‌ಗಳನ್ನು. ಯಂತ್ರಕ್ಕೆ ಎರಡೇ ಅಂಕೆ ಸಾಕಾಗುವುದಕ್ಕೆ ಕಾರಣ ಸರಳವಾದುದು. ವಿದ್ಯುತ್ತು ಇದೆಯೋ ಇಲ್ಲವೋ ಎಂದು ಗುರುತಿಸುವಲ್ಲಿ ತಪ್ಪಾಗುವುದು ಕಡಿಮೆ. ಹತ್ತು ಬೇರೆ ಬೇರೆ ಮಟ್ಟಗಳನ್ನು ಗುರುತಿಸಹೊರಟರೆ ಎಡವಟ್ಟುಗಳು ಹೆಚ್ಚುತ್ತವೆ.

ಭಾಭಾ ಅವರು ಎಣಿಕೆಯ ಉಪಕರಣಗಳನ್ನು ತಾವೇ ಮಾಡಿದವರಲ್ಲ. ಎಣಿಸಲ್ಪಡುವ ಕಣಗಳ ಹಿಂದಿನ ಗಣಿತ ಅವರದು. ಎಲೆಕ್ಟ್ರಾನು ಮತ್ತು ಪಾಸಿಟ್ರಾನು ಒಂದನ್ನೊಂದು ಎದುರಾದಾಗ ಚದರುವ ಬಗೆಯನ್ನು ಅವರು ಲೆಕ್ಕಹಾಕಿದರು. ಭಾಭಾ ಚದರಿಕೆ ಎಂಬ ಹೆಸರು ಅದಕ್ಕೆ ಇಂದಿಗೂ ಉಳಿದಿದೆ. 1937ರಲ್ಲಿ ಹೈಟ್ಲರ್ ಎಂಬ ಜರ್ಮನ್ ಮೂಲದ ವಿಜ್ಞಾನಿಯೊಂದಿಗೆ ಸೇರಿ, ಆಕಾಶದಿಂದ ಬರುವ ವಿಶ್ವಕಿರಣದ ಒಂದೇ ಕಣ ವಾತಾವರಣದಲ್ಲಿ ಹೇಗೆ ಸಾವಿರಾರು ಕಣಗಳ ಮಳೆಯಾಗಿ ಸುರಿಯುತ್ತದೆಂದು ವಿವರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದವರನ್ನು ಎರಡನೆಯ ಮಹಾಯುದ್ಧ ಇಲ್ಲಿಯೇ ತಡೆದು ನಿಲ್ಲಿಸಿತು. ಅಜ್ಜ ದುಡಿದ, ತಂದೆ ಬೆಳೆದ ಬೆಂಗಳೂರು ಅವರನ್ನು ಕರೆಯಿತು. ಸರ್ ಸಿ.ವಿ. ರಾಮನ್ ಅವರು ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾಭಾ ರೀಡರ್ ಆಗಿ ಸೇರಿ, ಮುಂದೆ ಪ್ರಾಧ್ಯಾಪಕರಾದರು. ವಿಕ್ರಮ್ ಸಾರಾಭಾಯಿ ಅವರ ಒಡನಾಟ ದೊರೆತದ್ದೂ ಅಲ್ಲಿಯೇ. 1941ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ, ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ವಿಶ್ವಕಿರಣಗಳ ಮಳೆಯ ಲೆಕ್ಕಾಚಾರವನ್ನು ಎಸ್.ಕೆ. ಚಕ್ರಬರ್ತಿ ಅವರೊಡನೆ ಮುಂದುವರಿಸಿದರು. ಸಮೀಕರಣ ಬರೆದುಬಿಟ್ಟರೆ ಕೆಲಸ ಮುಗಿಯದು, ಅದರಿಂದ ಅಂಕೆಗಳನ್ನು ಹೊರತೆಗೆಯಬೇಕು, ಕೋಷ್ಟಕಗಳನ್ನು ತುಂಬಬೇಕು. ಕೈಯಿಂದ ಆ ಲೆಕ್ಕ ಮಾಡಿದವರಿಗೇ ಅದರ ಬೇಸರ ಗೊತ್ತು.

ಯುದ್ಧ ಮುಗಿದೊಡನೆ ಮರಳಿ ಕೇಂಬ್ರಿಡ್ಜಿಗೆ ಹೋಗಬೇಕೆಂಬ ಮೊದಲಿನ ಯೋಚನೆ ಬೆಂಗಳೂರಿನ ವರ್ಷಗಳಲ್ಲಿ ಕರಗಿತು. ಒಳ್ಳೆಯ ವಿಜ್ಞಾನಿಗಳು ಇಲ್ಲಿಯೇ ಉಳಿದು ಕೆಲಸ ಮಾಡಬಲ್ಲ ಸಂಸ್ಥೆಯನ್ನು ಕಟ್ಟುವುದೇ ತಮ್ಮ ಕರ್ತವ್ಯವೆಂದು ಅವರಿಗೆ ಮನದಟ್ಟಾಯಿತು. ಜೆ.ಆರ್.ಡಿ. ಟಾಟಾ ಅವರ ಪ್ರೋತ್ಸಾಹದಿಂದ 1944ರ ಮಾರ್ಚ್ 12ರಂದು ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ತಮ್ಮ ಪ್ರಸಿದ್ಧ ಪತ್ರವನ್ನು ಬರೆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಕಾರ್ಯಾರಂಭ ಮಾಡಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ. ಅದೇ ವರ್ಷ ಡಿಸೆಂಬರಿನಲ್ಲಿ ಅದು ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್ವರ್ತ್ ಬಂಗಲೆಗೆ ಬಂತು. 1949ರಲ್ಲಿ ಗೇಟ್‌ವೇ ಆಫ್ ಇಂಡಿಯಾದ ಬಳಿಯ ಹಳೆಯ ಯಾಟ್ ಕ್ಲಬ್ ಕಟ್ಟಡಕ್ಕೆ, ಕೊನೆಗೆ ಕೊಲಾಬಾದ ಸಮುದ್ರತಡಿಗೆ ಸಾಗಿತು. ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ನಮ್ಮಂಥವರ ಹಾಗೆಯೇ ಆ ಸಂಸ್ಥೆಯೂ ಬೆಂಗಳೂರು ಬಿಟ್ಟು ಬಂದು ಮೂರು ಮನೆ ಬದಲಿಸಿ ನೆಲೆ ಕಂಡಿತೆಂದು ಹೇಳಿದರೆ ತಪ್ಪಾಗಲಾರದು.

ಕನ್ನಡ ನಾಡಿನ ನಂಟು ಅಲ್ಲಿಗೇ ಮುಗಿಯಲಿಲ್ಲ. 1951ರಲ್ಲಿ ಭಾಭಾ ಅವರು ಬಿ.ವಿ. ಶ್ರೀಕಂಠನ್ ಎಂಬ ಮೈಸೂರು ಸೀಮೆಯ ಯುವ ವಿಜ್ಞಾನಿಯನ್ನು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ನೆಲದಾಳಕ್ಕೆ ಇಳಿದಷ್ಟೂ ವಿಶ್ವಕಿರಣದ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಿ ತಿಳಿಯುವುದು ಆ ಕೆಲಸ. ಆ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಶ್ರೀಕಂಠನ್ ಅವರು ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ನಮ್ಮ ಕಥೆಗೆ ಮುಖ್ಯವಾದ ಮಾತೆಂದರೆ, ಇಂಥ ಪ್ರಯೋಗಗಳಿಗೆ ಬೇಕಾದ ಎಣಿಕೆಯ ಉಪಕರಣಗಳನ್ನು ಪರದೇಶದಿಂದ ತರಿಸಿಕೊಳ್ಳುವ ಬದಲು ಸಂಸ್ಥೆಯೊಳಗೇ ತಯಾರಿಸಬೇಕೆಂದು ಭಾಭಾ ಪಟ್ಟುಹಿಡಿದರು. ವಾಲ್ವುಗಳನ್ನು ಜೋಡಿಸಿ ಬೆಸುಗೆ ಹಾಕಿ ಎಣಿಸಬಲ್ಲ ಹುಡುಗರ ತಂಡವೊಂದು ಹೀಗೆ ತಯಾರಾಯಿತು. ಎಣಿಸುವ ಯಂತ್ರವನ್ನು ಕಟ್ಟಬಲ್ಲವರು ಲೆಕ್ಕ ಮಾಡುವ ಯಂತ್ರವನ್ನು ಏಕೆ ಕಟ್ಟಬಾರದು?

ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಫಾನ್ ನಾಯ್ಮನ್ ಅವರ ತಂಡ ಗಣಕಯಂತ್ರವೊಂದರ ವಿನ್ಯಾಸವನ್ನು ಸಿದ್ಧಪಡಿಸಿ ಅದರ ವರದಿಗಳನ್ನು ಎಲ್ಲರಿಗೂ ದೊರೆಯುವಂತೆ ಮಾಡಿತ್ತು. 1954ರಲ್ಲಿ ಅಮೆರಿಕದಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿ ಬಂದ ಆರ್. ನರಸಿಂಹನ್ ಎಂಬ ಇಪ್ಪತ್ತೆಂಟು ವರ್ಷದ ತರುಣನನ್ನು ಭಾಭಾ ಸಂಸ್ಥೆಗೆ ಸೇರಿಸಿಕೊಂಡರು. ಬೆರಳೆಣಿಕೆಯ ಯುವಕರ ಗುಂಪೊಂದು ಆ ವರದಿಗಳನ್ನು ಮುಂದಿಟ್ಟುಕೊಂಡು ಕೆಲಸಕ್ಕೆ ಕುಳಿತಿತು. ಅವರಲ್ಲಿ ಹೆಚ್ಚಿನವರು ಅದುವರೆಗೆ ಗಣಕಯಂತ್ರವನ್ನು ಬಳಸಿದವರಲ್ಲ. ಕಲ್ಕತ್ತಾದ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಇಂಗ್ಲೆಂಡಿನಿಂದ ಒಂದು ಯಂತ್ರವನ್ನು ಕೊಂಡು ತಂದಿತು. ಕೊಳ್ಳುವ ದಾರಿ ಭಾಭಾ ಅವರಿಗೂ ತೆರೆದಿತ್ತು. ಅವರು ಕಟ್ಟುವ ದಾರಿ ಹಿಡಿದರು. ಪ್ರಯೋಗಕ್ಕಾಗಿ ಮಾಡಿದ ಸಣ್ಣ ಯಂತ್ರ 1956ರ ಕೊನೆಗೆ ನಡೆಯಲಾರಂಭಿಸಿತು. ಅದರ ಬೆನ್ನಿಗೇ ದೊಡ್ಡ ಯಂತ್ರದ ಕೆಲಸ ಹಿಡಿದು 1960ರ ಫೆಬ್ರವರಿಯಲ್ಲಿ ಅದನ್ನು ಬಳಕೆಗೆ ತೆರೆದರು.

ಆ ಯಂತ್ರದಲ್ಲಿ ಏನೇನಿತ್ತು? ಇದನ್ನು ತಿಳಿಯಲು ನಮ್ಮವರ ಉಡುಪಿ ಹೋಟೆಲಿಗಿಂತ ಉತ್ತಮ ಉದಾಹರಣೆ ಮುಂಬಯಿಯಲ್ಲಿ ಸಿಗದು. ಮಾಟುಂಗಾದ ಯಾವುದೇ ಹೋಟೆಲನ್ನು ನೆನೆಯಿರಿ. ಗಿರಾಕಿ ಹೇಳಿದ್ದನ್ನು ಮಾಣಿ ಒಳಗೆ ಮುಟ್ಟಿಸುತ್ತಾನೆ. ಯಂತ್ರದಲ್ಲಿ ಈ ಕೆಲಸಕ್ಕೆ ಇಂದು ಕೀಲಿಮಣೆ ಇದೆ, ಅಂದು ತೂತು ಹೊಡೆದ ಕಾಗದದ ಪಟ್ಟಿ ಇತ್ತು. ಅಡುಗೆಯ ಭಟ್ಟರು ಕತ್ತರಿಸುತ್ತಾರೆ, ಬೆರೆಸುತ್ತಾರೆ, ಕಾವಲಿಯ ಮೇಲೆ ಹೊಯ್ಯುತ್ತಾರೆ. ಯಂತ್ರದಲ್ಲಿ ಕೂಡುವ, ಕಳೆಯುವ, ಹೋಲಿಸುವ ಭಾಗವೇ ಈ ಭಟ್ಟರು. ಅದನ್ನು ನಾವು ಪ್ರೊಸೆಸರ್ ಎನ್ನುತ್ತೇವೆ. ಭಟ್ಟರ ಕೈಗೆಟುಕುವ ಕಟ್ಟೆಯ ಮೇಲೆ ಆ ಹೊತ್ತಿಗೆ ಬೇಕಾದ ಹಿಟ್ಟು, ಚಟ್ನಿ, ಪಲ್ಯಗಳಿರುತ್ತವೆ. ಅದೇ ರ್‍ಯಾಮ್. ಹಿಂದಿನ ಉಗ್ರಾಣದಲ್ಲಿ ಅಕ್ಕಿ ಬೇಳೆಯ ಮೂಟೆಗಳಿರುತ್ತವೆ. ಅದು ಹಾರ್ಡ್ ಡಿಸ್ಕು ಅಥವಾ ಮೊಬೈಲಿನ ಸ್ಟೋರೇಜು. ರಾತ್ರಿ ಬಾಗಿಲು ಹಾಕುವಾಗ ಕಟ್ಟೆ ತೊಳೆದು ಬರಿದಾಗುತ್ತದೆ, ಉಗ್ರಾಣ ಹಾಗೆಯೇ ಉಳಿಯುತ್ತದೆ. ಉಳಿಸು ಎಂಬ ಗುಂಡಿ ಒತ್ತದೆ ಕಂಪ್ಯೂಟರ್ ಆರಿಸಿದರೆ ಬರೆದದ್ದು ಮಾಯವಾಗುವುದು ಇದಕ್ಕಾಗಿಯೇ. ಏಕಕಾಲಕ್ಕೆ ಹತ್ತು ಆ್ಯಪ್‌ಗಳನ್ನು ತೆರೆದಿಟ್ಟಾಗ ಮೊಬೈಲು ಮಂದವಾಗುವುದೂ ಕಟ್ಟೆ ತುಂಬಿದ ಲಕ್ಷಣವೇ. ಭಟ್ಟರು ಪ್ರತಿ ಸಲವೂ ಉಗ್ರಾಣಕ್ಕೆ ಓಡಾಡಬೇಕಾಗುತ್ತದೆ. ಉಗ್ರಾಣ ಎಷ್ಟೇ ದೊಡ್ಡದಿದ್ದರೂ ಕಟ್ಟೆ ಚಿಕ್ಕದಾಗಿದ್ದರೆ ದೋಸೆ ತಡವಾಗುತ್ತದೆ ಎಂಬುದನ್ನು ಹೊಸ ಮೊಬೈಲು ಕೊಳ್ಳುವವರು ನೆನಪಿಡಬೇಕು.

ಇನ್ನು ಪ್ರೋಗ್ರಾಂ ಎಂಬುದು. ಹಳೆಯ ಲೆಕ್ಕದ ಯಂತ್ರಗಳಲ್ಲಿ ಕೆಲಸ ಬದಲಾದಾಗ ತಂತಿಗಳನ್ನೇ ಕಿತ್ತು ಬೇರೆ ಕಡೆ ಚುಚ್ಚಬೇಕಾಗುತ್ತಿತ್ತು. ಅಡುಗೆ ಬದಲಾದರೆ ಅಡುಗೆಮನೆಯನ್ನೇ ಕೆಡವಿ ಕಟ್ಟಿದಂತೆ. ಪ್ರಿನ್ಸ್‌ಟನ್ನಿನ ವರದಿಗಳಲ್ಲಿದ್ದ ದೊಡ್ಡ ಉಪಾಯವೆಂದರೆ ಅಡುಗೆಯ ಕ್ರಮವನ್ನೂ ಅಂಕೆಗಳಲ್ಲಿ ಬರೆದು, ಸಾಮಾನುಗಳಿರುವ ಅದೇ ಕಟ್ಟೆಯ ಮೇಲೆ ಇಡುವುದು. ಭಟ್ಟರು ಒಂದೊಂದೇ ಸಾಲು ಓದಿ ಹಾಗೆಯೇ ಮಾಡುತ್ತ ಹೋಗುತ್ತಾರೆ. ಚೀಟಿ ಬದಲಿಸಿದರೆ ಸಾಕು, ಅದೇ ಅಡುಗೆಮನೆಯಲ್ಲಿ ಬೇರೆ ಅಡುಗೆ ಸಿದ್ಧ. ಇಂದು ಒಂದೇ ಮೊಬೈಲಿನಲ್ಲಿ ಯಕ್ಷಗಾನವನ್ನೂ ನೋಡಿ ಬ್ಯಾಂಕಿನ ಲೆಕ್ಕವನ್ನೂ ಮಾಡಲು ಸಾಧ್ಯವಾಗಿರುವುದು ಈ ಒಂದು ಉಪಾಯದಿಂದ. ಮುಂಬಯಿಯ ಯಂತ್ರವೂ ಇದೇ ಜಾತಿಯದು.

ಅದರಲ್ಲಿ ಸುಮಾರು 2,700 ವಾಲ್ವುಗಳು, 1,700 ಜರ್ಮೇನಿಯಂ ಡಯೋಡುಗಳು, 12,500 ರೆಸಿಸ್ಟರುಗಳಿದ್ದವು. ಹಳೆಯ ರೇಡಿಯೋದೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ವಾಲ್ವುಗಳನ್ನು ಹಿರಿಯರು ಮರೆತಿರಲಾರರು. ಅಂಥವು 2,700 ಒಂದೇ ಕೋಣೆಯಲ್ಲಿ ಉರಿದರೆ ಹುಟ್ಟುವ ಕಾವನ್ನು ಊಹಿಸಿಕೊಳ್ಳಬಹುದು. ನೆನಪಿನ ಭಾಗ ಮಾತ್ರ ಬೇರೆ ಬಗೆಯದು. ಫೆರೈಟ್ ಎಂಬ ಕಾಂತವಸ್ತುವಿನ ಪುಟ್ಟ ಪುಟ್ಟ ಬಳೆಗಳನ್ನು ತೆಳುತಂತಿಗಳಲ್ಲಿ ಪೋಣಿಸಿ ಜಾಲರಿಯಂತೆ ಹೆಣೆದಿದ್ದರು. ಬಳೆಯೊಂದು ಒಂದು ದಿಕ್ಕಿಗೆ ಕಾಂತವಾದರೆ 1, ಇನ್ನೊಂದು ದಿಕ್ಕಿಗಾದರೆ 0. ಇಂದಿನ ರ್‍ಯಾಮ್ ವಿದ್ಯುತ್ತು ಹೋದೊಡನೆ ಎಲ್ಲವನ್ನೂ ಮರೆತರೆ ಆ ಬಳೆಗಳು ಮಾತ್ರ ಕತ್ತಲಲ್ಲೂ ನೆನಪಿಟ್ಟುಕೊಳ್ಳುತ್ತಿದ್ದವು! ಇಂಥ ಬಳೆಗಳ ನೆನಪು ಆಗ ಜಗತ್ತಿನಲ್ಲೇ ಹೊಸದು.

ಆ ನೆನಪಿನ ಗಾತ್ರವನ್ನು ಲೆಕ್ಕ ಹಾಕಿ ನೋಡಿ. ತಲಾ 40 ಬಿಟ್‌ಗಳ 2,048 ಮನೆಗಳು. ಒಟ್ಟು 81,920 ಬಿಟ್‌ಗಳು, ಎಂಟರಿಂದ ಭಾಗಿಸಿದರೆ 10,240 ಬೈಟ್‌ಗಳು. ಇಂದಿನ ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಶಬ್ದದಲ್ಲಿ ಒತ್ತಕ್ಷರದ ಗುರುತೂ ಸೇರಿ ಐದು ಸಂಕೇತಗಳಿರುವುದರಿಂದ ಹದಿನೈದು ಬೈಟ್‌ಗಳಾದವು. ಆ ಲೆಕ್ಕದಲ್ಲಿ ಇಡೀ ಯಂತ್ರದ ನೆನಪಿನಲ್ಲಿ ನೀವು ಓದುತ್ತಿರುವ ಈ ಲೇಖನದ ಕಾಲುಭಾಗವೂ ಹಿಡಿಸಲಾರದು. 4 ಜಿಬಿ ರ್‍ಯಾಮ್ ಇರುವ ಸಾಧಾರಣ ಮೊಬೈಲಿನಲ್ಲಿ ಅಂಥ ನೆನಪುಗಳು ನಾಲ್ಕು ಲಕ್ಷಕ್ಕೂ ಮಿಕ್ಕಿ ಅಡಗಿವೆ. ಗಾತ್ರ, ವೇಗ, ಬೆಲೆ ಎಲ್ಲವೂ ಬದಲಾಗಿವೆ. ಭಟ್ಟರು, ಕಟ್ಟೆ, ಚೀಟಿಗಳ ಏರ್ಪಾಟು ಮಾತ್ರ ಅಂದಿನದೇ.

1962ರ ಜನವರಿ 15ರಂದು ಪ್ರಧಾನಿ ನೆಹರೂ ಅವರು ಕೊಲಾಬಾದಲ್ಲಿ ಸಂಸ್ಥೆಯ ಹೊಸ ಕಟ್ಟಡವನ್ನು ಉದ್ಘಾಟಿಸಿದಾಗ ಯಂತ್ರಕ್ಕೆ ನಾಮಕರಣವೂ ಆಯಿತು. ಸಂಸ್ಥೆಯ ಹೆಸರಿನ ಮೊದಲಕ್ಷರಗಳ ಮುಂದೆ ಸ್ವಯಂಚಾಲಿತ ಗಣಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಸೇರಿಸಿ ಟಿಫ್ರ್ಯಾಕ್ ಎಂದು ಕರೆದರು. ಸಂಸ್ಥೆಯವರಷ್ಟೇ ಅಲ್ಲದೆ ಹೊರಗಿನ ವಿಶ್ವವಿದ್ಯಾಲಯಗಳ ಸಂಶೋಧಕರೂ ತಮ್ಮ ಲೆಕ್ಕಗಳನ್ನು ಹೊತ್ತು ಅಲ್ಲಿಗೆ ಬಂದರು. ಆದರೆ ನಾಮಕರಣದ ಹೊತ್ತಿಗೇ ಕೂಸು ಮುದಿಯಾಗಿತ್ತು ಎಂಬ ಸತ್ಯವನ್ನು ಮುಚ್ಚಿಡಬೇಕಾಗಿಲ್ಲ. ವಾಲ್ವುಗಳ ಕಾಲ ಮುಗಿದು ಟ್ರಾನ್ಸಿಸ್ಟರುಗಳ ಯಂತ್ರಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದವು. 1964ರಲ್ಲಿ ಸಿಡಿಸಿ 3600 ಎಂಬ ಅಮೆರಿಕದ ದೊಡ್ಡ ಯಂತ್ರವನ್ನು ಭಾಭಾ ಅವರೇ ತರಿಸಬೇಕಾಯಿತು. ಮರುವರ್ಷ ಟಿಫ್ರ್ಯಾಕ್ ನಿವೃತ್ತಿ ಹೊಂದಿತು.

ಹಾಗಾದರೆ ಇಷ್ಟೆಲ್ಲ ಶ್ರಮ ವ್ಯರ್ಥವೇ? ಕೊಂಡು ತಂದಿದ್ದರೆ ಹಣವೂ ಕಾಲವೂ ಉಳಿಯುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. ಟಿಫ್ರ್ಯಾಕ್ ಮಾದರಿಯಲ್ಲಿ ಇನ್ನೊಂದು ಯಂತ್ರ ಹುಟ್ಟಲಿಲ್ಲ, ಅದರಿಂದ ಯಾವ ಕಾರ್ಖಾನೆಯೂ ಮೇಲೇಳಲಿಲ್ಲ ಎಂಬುದು ನಿಜ. ಪ್ರತಿಭೆ ಮತ್ತು ಹಣವನ್ನು ತಮ್ಮ ಸಂಸ್ಥೆಗಳತ್ತ ಸೆಳೆದು ವಿಶ್ವವಿದ್ಯಾಲಯಗಳನ್ನು ಬಡವಾಗಿಸಿದರೆಂಬ ಆಕ್ಷೇಪವೂ ಭಾಭಾ ಅವರ ಮೇಲಿದೆ. ಮೇಘನಾದ ಸಾಹಾ ಅವರಂಥ ಹಿರಿಯ ವಿಜ್ಞಾನಿ ಸಂಶೋಧನೆ ವಿಶ್ವವಿದ್ಯಾಲಯಗಳಲ್ಲೇ ಬೆಳೆಯಬೇಕೆಂದು ವಾದಿಸಿದವರು. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಆದರೂ ಆ ಯಂತ್ರದ ವಿಷಯದಲ್ಲಿ ನಾನು ಭಾಭಾ ಅವರ ಪಕ್ಷ. ಕೊಂಡು ತಂದ ಯಂತ್ರ ಕೆಟ್ಟರೆ ಕಂಪೆನಿಯವನನ್ನು ಕಾಯಬೇಕು. ಪ್ರತಿಯೊಂದು ಬೆಸುಗೆಯನ್ನೂ ತಾನೇ ಹಾಕಿದವನಿಗೆ ಅದರ ಒಳಗುಟ್ಟು ತಿಳಿದಿರುತ್ತದೆ, ಮುಂದಿನ ಯಂತ್ರವನ್ನು ಕೊಳ್ಳುವಾಗಲೂ ಅವನು ಮೋಸಹೋಗುವುದಿಲ್ಲ. ಆ ಕೋಣೆಯಲ್ಲಿ ಕಲಿತವರು ಮುಂದಿನ ಮೂವತ್ತು ವರ್ಷ ಈ ದೇಶಕ್ಕೆ ಕಲಿಸಿದರು.

1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಸರ್ಕಾರ ಭಾಭಾ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿಯೊಂದನ್ನು ರಚಿಸಿತು. ದೇಶಕ್ಕೆ ಬೇಕಾದ ವಿದ್ಯುನ್ಮಾನ ಸಾಮಗ್ರಿ, ಗಣಕಯಂತ್ರವೂ ಸೇರಿದಂತೆ, ಇಲ್ಲಿಯೇ ಹೇಗೆ ತಯಾರಾಗಬೇಕೆಂಬ ಯೋಜನೆ ಅದರ ಹೊಣೆ. ಪರಮಾಣು ಆಯೋಗದ ಅಧ್ಯಕ್ಷತೆ, ಟ್ರಾಂಬೆಯ ಕೆಲಸ, ಕೊಲಾಬಾದ ಸಂಸ್ಥೆ, ಸರ್ಕಾರದ ಕಾರ್ಯದರ್ಶಿ ಹುದ್ದೆ ಇಷ್ಟನ್ನೂ ಹೊತ್ತವರ ಹೆಗಲ ಮೇಲೆ ಇದೂ ಸೇರಿತು. 1956ರ ಆಗಸ್ಟ್ 4ರಂದು ಏಷ್ಯಾದ ಮೊದಲ ಪರಮಾಣು ಸ್ಥಾವರ ಅಪ್ಸರಾ ಟ್ರಾಂಬೆಯಲ್ಲಿ ಚಾಲನೆಗೊಂಡ ಕಥೆ ಎಲ್ಲರಿಗೂ ತಿಳಿದದ್ದೇ ಆದುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ.

ಸಮಿತಿಯ ವರದಿ ಅಚ್ಚಾಗಿ ಬಂದುದನ್ನು ಅವರು ನೋಡಲಿಲ್ಲ. 1966ರ ಜನವರಿ 24ರಂದು, ಇಂದಿರಾ ಗಾಂಧಿ ಅವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾ ವಿಮಾನ ‘ಕಾಂಚನಗಂಗಾ’ ಮಾಂಟ್ ಬ್ಲಾಂಕ್ ಶಿಖರದ ಬಳಿ ಬೆಟ್ಟಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇದು ವಿದೇಶಿ ಪಿತೂರಿ ಎಂಬ ವದಂತಿ ಇಂದಿಗೂ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ತನಿಖೆಯಲ್ಲಿ ಕಂಡುಬಂದದ್ದು ಬೇರೆ. ವಿಮಾನದ ದಿಕ್ಕು ತೋರುವ ಉಪಕರಣಗಳಲ್ಲಿ ಒಂದು ಕೆಟ್ಟಿತ್ತು. ಶಿಖರದಿಂದ ವಿಮಾನ ಎಷ್ಟು ದೂರದಲ್ಲಿದೆ ಎಂದು ನೆಲದಿಂದ ಬಂದ ಸೂಚನೆಯನ್ನು ಚಾಲಕರು ತಪ್ಪಾಗಿ ಗ್ರಹಿಸಿ, ಬೆಟ್ಟವನ್ನು ದಾಟಿಯಾಯಿತೆಂದು ಇಳಿಯತೊಡಗಿದರು. ಆಗ ಭಾಭಾ ಅವರಿಗೆ ಐವತ್ತಾರು ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ಅವರು ತೀರಿಕೊಂಡಾಗ ಗಣಕಯಂತ್ರಗಳು ಒಂದರೊಡನೊಂದು ಮಾತಾಡುವ ಜಾಲ ಇನ್ನೂ ಹುಟ್ಟಿರಲಿಲ್ಲ. ಅಮೆರಿಕದಲ್ಲಿ ಅದು ಮೊದಲಾದದ್ದು 1969ರಲ್ಲಿ. ಆದರೆ ಮುಂಬಯಿಗೆ ಅದು ಬಂದದ್ದು ಭಾಭಾ ಅವರ ಮನೆಯ ಬಾಗಿಲಿನಿಂದಲೇ. ನರಸಿಂಹನ್ ಅವರು ಟಾಟಾ ಸಂಸ್ಥೆಯೊಳಗೆ ಬೆಳೆಸಿದ ರಾಷ್ಟ್ರೀಯ ಸಾಫ್ಟ್‌ವೇರ್ ಕೇಂದ್ರ 1985ರ ಹೊತ್ತಿಗೆ ಎನ್‌ಸಿಎಸ್‌ಟಿ ಎಂಬ ಹೆಸರಿನಿಂದ ಸ್ವತಂತ್ರ ಸಂಸ್ಥೆಯಾಯಿತು. ಜುಹುವಿನ ಆ ಕೇಂದ್ರಕ್ಕೂ ನಮ್ಮ ನೆರೆಯ ಪವಾಯಿಯ ಐಐಟಿಗೂ ನಡುವೆ 1986-87ರ ಸುಮಾರಿಗೆ ಸಾಧಾರಣ ಟೆಲಿಫೋನ್ ತಂತಿಯ ಮೂಲಕ ಇ-ಮೇಲ್ ಓಡಾಡತೊಡಗಿತು. ದೇಶದ ಶೈಕ್ಷಣಿಕ ಜಾಲದ ಮೊದಲ ಹೆಜ್ಜೆಗಳಲ್ಲಿ ಇದೊಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಜಾಲದಲ್ಲಿ ಪತ್ರವೊಂದು ಹೇಗೆ ಸಾಗುತ್ತದೆ? ಮುಲುಂಡಿನಿಂದ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಸಭಾಗೃಹಕ್ಕೆ ಮದುವೆಯ ದಿಬ್ಬಣ ಹೊರಟಿದೆ ಎಂದುಕೊಳ್ಳಿ. ಬೆಳಗಿನ ಗದ್ದಲದಲ್ಲಿ ಇನ್ನೂರು ಮಂದಿ ಒಂದೇ ಲೋಕಲಿಗೆ ಹತ್ತುವುದು ಆಗದ ಮಾತು. ಆದ್ದರಿಂದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ಅದರಲ್ಲಿ ಹೋಗಬೇಕಾದ ವಿಳಾಸ, ಹೊರಟ ವಿಳಾಸ ಮತ್ತು ಅವರ ಕ್ರಮಸಂಖ್ಯೆ. ಕೆಲವರು ಸ್ಲೋ ಗಾಡಿ ಹಿಡಿದು ನೇರವಾಗಿ ಮಾಟುಂಗಾದಲ್ಲಿ ಇಳಿಯುತ್ತಾರೆ, ಕೆಲವರು ಫಾಸ್ಟ್ ಗಾಡಿಯಲ್ಲಿ ದಾದರಿಗೆ ಹೋಗಿ ಹಿಂದಕ್ಕೆ ಬರುತ್ತಾರೆ, ಕೆಲವರು ಬಸ್ಸು ಹಿಡಿಯುತ್ತಾರೆ. ಸಭಾಗೃಹದ ಬಾಗಿಲಲ್ಲಿ ಸಂಖ್ಯೆಯ ಪ್ರಕಾರ ಮತ್ತೆ ಸಾಲು ನಿಲ್ಲಿಸುತ್ತಾರೆ. ನಲವತ್ತೇಳನೆಯವರು ಬಂದಿಲ್ಲವೆಂದು ಗೊತ್ತಾದರೆ ಅವರೊಬ್ಬರಿಗಾಗಿ ಹೇಳಿಕಳುಹಿಸುತ್ತಾರೆ, ಇಡೀ ದಿಬ್ಬಣವನ್ನು ಮತ್ತೆ ಹೊರಡಿಸುವುದಿಲ್ಲ. ಜಾಲದಲ್ಲಿ ನಿಮ್ಮ ಪತ್ರವೂ ಚಿತ್ರವೂ ಹೀಗೆಯೇ ತುಂಡು ತುಂಡಾಗಿ ಪ್ಯಾಕೆಟ್‌ಗಳಾಗಿ ಹೊರಟು, ಸಿಕ್ಕ ದಾರಿ ಹಿಡಿದು, ತಲಪಿದಲ್ಲಿ ಮತ್ತೆ ಒಂದಾಗುತ್ತದೆ. ಇಲ್ಲಿ ಒಬ್ಬ ಮನುಷ್ಯ ಮಾಯವಾದರೆ ಎರಡನೆಯವನು ಬರಲಾರ, ಅಲ್ಲಿ ಮಾತ್ರ ಕಳೆದ ತುಂಡಿನ ಪ್ರತಿ ಹೊರಟ ಕಡೆ ಇದ್ದೇ ಇರುತ್ತದೆ. ಅಷ್ಟೇ ವ್ಯತ್ಯಾಸ.

ಚೀಟಿಯ ಮೇಲಿನ ವಿಳಾಸವೇ ಐಪಿ ಎಂಬುದು. ಅದು ನಮ್ಮ ಪಿನ್‌ಕೋಡಿನಂತೆ ಬರಿಯ ಅಂಕೆಗಳ ಸಾಲು. 400080 ಎಂದು ಬರೆದ ಲಕೋಟೆಯನ್ನು ಉಡುಪಿಯ ಅಂಚೆಯವರು ನೋಡಿದಾಗ ಅವರಿಗೆ ಮುಲುಂಡ್ ಪಶ್ಚಿಮ ಎಲ್ಲಿದೆಯೆಂದು ತಿಳಿದಿರಬೇಕಾಗಿಲ್ಲ. 400 ಎಂದರೆ ಮುಂಬಯಿ ಎಂದು ತಿಳಿದು ಆ ಚೀಲಕ್ಕೆ ಹಾಕಿದರೆ ಸಾಕು, ಉಳಿದದ್ದನ್ನು ಮುಂಬಯಿಯವರು ನೋಡಿಕೊಳ್ಳುತ್ತಾರೆ. ಜಾಲದಲ್ಲಿ ಹೀಗೆ ವಿಂಗಡಿಸುವ ಯಂತ್ರವೇ ರೌಟರ್. ಮನೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುವ ವೈಫೈ ಪೆಟ್ಟಿಗೆ ಅದರ ಚಿಕ್ಕ ತಮ್ಮ. ನಾವು ಜಾಲತಾಣದ ಹೆಸರನ್ನು ಟೈಪ್ ಮಾಡಿದಾಗ ಹೆಸರಿಗೆ ತಕ್ಕ ಅಂಕೆಗಳನ್ನು ಹುಡುಕಿ ಕೊಡುವ ಏರ್ಪಾಟೊಂದಿದೆ, ಹಳೆಯ ಟೆಲಿಫೋನ್ ಡೈರೆಕ್ಟರಿಯ ಹಾಗೆ. ಡಾಟ್ ಇನ್ ಎಂದು ಕೊನೆಯಾಗುವ ಭಾರತದ ಹೆಸರುಗಳ ಪಟ್ಟಿಯನ್ನು 1989ರಿಂದ ಹಲವು ವರ್ಷ ನೋಡಿಕೊಂಡದ್ದು ಜುಹುವಿನ ಅದೇ ಎನ್‌ಸಿಎಸ್‌ಟಿ. ಇನ್ನು ಸರ್ವರ್ ಎಂದರೆ ಕೇಳಿದ್ದನ್ನು ತಂದು ಬಡಿಸುವ ದೂರದ ಗಣಕಯಂತ್ರ. ಉಡುಪಿ ಹೋಟೆಲನ್ನು ಕಂಡ ನಮಗೆ ಈ ಶಬ್ದವನ್ನು ಯಾರೂ ಕಲಿಸಬೇಕಾಗಿಲ್ಲ.

ನರಸಿಂಹನ್ ಅವರು 1990ರಲ್ಲಿ ಬೆಂಗಳೂರಿಗೆ ಹೋಗಿ ನೆಲೆಸಿ 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಭಾಭಾ ಅವರು ಕಟ್ಟಿಸಿದ ಕೊಲಾಬಾದ ಕಟ್ಟಡ, ಅವರು ಆಸೆಯಿಂದ ನೆಡಿಸಿದ ಮರಗಳು ಮತ್ತು ಹುಸೇನ್ ಅವರ ದೊಡ್ಡ ಭಿತ್ತಿಚಿತ್ರ ಸಮುದ್ರದ ಗಾಳಿಯಲ್ಲಿ ಹಾಗೆಯೇ ಇವೆ. ಮುಲುಂಡಿನಿಂದ ಲೋಕಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಒಂದು ಗಂಟೆಯ ದಾರಿ, ಅಲ್ಲಿಂದ ನೇವಿ ನಗರದ ಕಡೆಗೆ ಬಸ್ಸು ಇದೆ.